ಹದಿನಾರು ಜೋಡಿ, ಒಂದು ಒಂಟಿ ಹೆಸರು

ಕಳೆದ ತಿಂಗಳು ವೀರನಹೊಸಹಳ್ಳಿ ಕಡೆಯ ಹೆಂಗಸರ ಸಂಘವೊಂದಕ್ಕೆ ಜೇನುತುಪ್ಪದ ಬಾಟಲಿಯ ಲೇಬಲ್ ಮಾಡಿಕೊಡುವ ಕೆಲಸ ಬಂತು. ಅವರ ಪರವಾಗಿ ಫೋನ್ ಮಾಡಿದ್ದ ಹುಡುಗಿ, "ಮೇಡಂ, ನಿಮ್ಮ ವೆಬ್‌ಸೈಟಲ್ಲಿ ನಿಮ್ಮ ಬಗ್ಗೆ ಏನೂ ಇಲ್ವಲ್ಲ. ನಿಮ್ಮ ಹಿನ್ನೆಲೆ, ಕೆಲಸದಲ್ಲಿ ನೀವು ಪಾಲಿಸೋ ತತ್ವ, ಇದನ್ನೆಲ್ಲ ಒಂದು ಪುಟ ಬರೆದು ಕಳಿಸಿ. ಮೀಟಿಂಗಲ್ಲಿ ಓದಿ ಹೇಳ್ಬೇಕು" ಎಂದಳು. ಗ್ರಾಫಿಕ್ ಡಿಸೈನರ್ ಅಂದಮೇಲೆ ಇಂಥದ್ದೊಂದು ಪುಟ ಇರಬೇಕಂತೆ. ಎಲ್ಲರಿಗೂ ಇದೆ. ನಾನೂ ಮೂರು ಸಂಜೆ ಕೂತು ಬರೆದೆ. ಸರಳತೆ, ಸಮತೋಲನ, ಸೌಂದರ್ಯ ಅಂತೆಲ್ಲ ದೊಡ್ಡ ದೊಡ್ಡ ಮಾತು ಹೊಡೆದು ಓದಿಕೊಂಡರೆ ನನಗೇ ನಗು ಬಂತು. ಯಾರೋ ಕೋಟು ಹಾಕಿಕೊಂಡವರು ಬರೆದ ಹಾಗಿತ್ತು. ಅಳಿಸಿಬಿಟ್ಟೆ.

ಆಮೇಲೆ ಸಂಘದವರನ್ನು ಕಂಡು ಮಾತಾಡಿಕೊಂಡು ವಾಪಸು ಬರುವಾಗ ಹುಣಸೂರಿನಲ್ಲಿ ಇಳಿದೆ. ಮೈಸೂರಿನ ಬಸ್ಸು ಎದುರಿಗೇ ನಿಂತಿತ್ತು. ಅದನ್ನು ಬಿಟ್ಟು ಪಿರಿಯಾಪಟ್ಟಣದ ಬಸ್ಸು ಹತ್ತಿದೆ. ಎಂಟು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ನಾನು ಮೊದಲ ಸಲ ಕೆಲಸಕ್ಕೆ ಸೇರಿದ್ದ ಪ್ರೆಸ್ಸಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಸರಿ, ನೋಡಿದ್ದಾಯಿತು ಅಂತ ಹಿಂದಿನ ಗಲ್ಲಿಗೆ ತಿರುಗಿದರೆ ಅಲ್ಲಿ ಯಾರದೋ ಸಣ್ಣ ಪ್ರೆಸ್ಸು. ರೋಲರ್ ಒರೆಸಿದ ಬಟ್ಟೆಯನ್ನು ಬಾಗಿಲ ಮೇಲೆ ಒಣಹಾಕಿದ್ದರು. ಸೀಮೆಎಣ್ಣೆ ಮತ್ತು ಇಂಕಿನ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟೆ. ನನ್ನ ಹಿನ್ನೆಲೆ ಏನು, ತತ್ವ ಏನು ಅಂತ ಯಾರಾದರೂ ನಿಜವಾಗಿ ಕೇಳಿದರೆ ಈ ಊರಿನ ಆ ಒಂದು ಬೇಸಿಗೆಯನ್ನು ಹೇಳಬೇಕು.

ನಮ್ಮೂರು ಮಿರ್ಲೆ. ಅಪ್ಪ ಕೆ.ಆರ್. ನಗರದ ಅಕ್ಕಿ ಗಿರಣಿಯೊಂದರಲ್ಲಿ ಮೂಟೆಗಳ ಮೇಲೆ ಹೆಸರು ಹಾಕುತ್ತಿದ್ದ. ತಗಡಿನಲ್ಲಿ ಅಕ್ಷರ ಕೊರೆದು, ಅದನ್ನು ಮೂಟೆಯ ಮೇಲಿಟ್ಟು, ಬಣ್ಣದಲ್ಲಿ ಅದ್ದಿದ ಬ್ರಷ್ಷಿನಿಂದ ಕುಟ್ಟಿದರೆ ಗಿರಣಿಯ ಹೆಸರು ಮೂಡುತ್ತಿತ್ತು. ಆ ತಗಡುಗಳನ್ನು ಕೊರೆಯುತ್ತಿದ್ದದ್ದೂ ಅಪ್ಪನೇ. ರಜೆಯಲ್ಲಿ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. 'ರ' ಕೊರೆಯುವಾಗ ಸುತ್ತಲೂ ಪೂರ್ತಿ ಕೊರೆದುಬಿಟ್ಟರೆ ಅದರ ಹೊಟ್ಟೆಯ ತಗಡು ಕಳಚಿ ಬೀಳುತ್ತದೆ, ಮೂಟೆಯ ಮೇಲೆ ಬರೀ ಕಪ್ಪು ಉಂಡೆ ಕಾಣುತ್ತದೆ. ಅದಕ್ಕೇ ಒಂದು ಸಣ್ಣ ಪಟ್ಟಿಯನ್ನು ಹಾಗೇ ಉಳಿಸಬೇಕು. ಅಕ್ಷರವನ್ನು ನಾನು ಮೊದಲು ಓದಿದ್ದಕ್ಕಿಂತ ಹೀಗೆ ನೋಡಿದ್ದೇ ಹೆಚ್ಚು. ಅದೇ ಹುಚ್ಚು ನನ್ನನ್ನು ಮೈಸೂರಿನ ಕಲಾ ಕಾಲೇಜಿಗೆ ತಂದು ಹಾಕಿತು. ನಾಲ್ಕು ವರ್ಷ ಓದಿದೆ. ಅಲ್ಲಿನ ಮೇಷ್ಟ್ರೊಬ್ಬರು ಖಾಲಿ ಜಾಗಕ್ಕೆ ಹೆದರಬೇಡಿ, ಕಾಗದ ಉಸಿರಾಡಲಿ ಅನ್ನುತ್ತಿದ್ದರು. ಆ ಮಾತನ್ನು ನಾನು ಮಂತ್ರದ ಹಾಗೆ ಹಿಡಿದುಕೊಂಡೆ. ಓದು ಮುಗಿಸಿ ಹೊರಬಂದಾಗ ಜಗತ್ತಿನಲ್ಲಿ ಇಷ್ಟೊಂದು ಕಾಗದ ಉಸಿರುಗಟ್ಟಿ ಸಾಯುತ್ತಿದೆಯಲ್ಲ, ಇನ್ನು ನಾನೇ ಬಿಡಿಸಬೇಕು ಅನ್ನುವಷ್ಟು ಅಹಂಕಾರ ಬಂದಿತ್ತು.

ಆ ಅಹಂಕಾರ ಹೊತ್ತುಕೊಂಡು ಬಂದು ಸೇರಿದ್ದು ಪಿರಿಯಾಪಟ್ಟಣದ ಮಲ್ಲಪ್ಪಣ್ಣನ ಪ್ರೆಸ್ಸಿಗೆ. ಸಂಕ್ರಾಂತಿ ಕಳೆದಿತ್ತು. ಹೊಗೆಸೊಪ್ಪಿನ ಹರಾಜು ಮುಗಿಯುತ್ತ ಬಂದ ಹಾಗೆ ಆ ಕಡೆ ಮದುವೆಗಳು ಶುರುವಾಗುತ್ತವೆ, ಮದುವೆ ಅಂದರೆ ಪತ್ರಿಕೆ. ಮಲ್ಲಪ್ಪಣ್ಣನಿಗೆ ಕಂಪ್ಯೂಟರಿನಲ್ಲಿ ಕೂರುವವರು ಬೇಕಾಗಿತ್ತು, ನನಗೆ ಕೆಲಸ ಬೇಕಾಗಿತ್ತು. ಅರವತ್ತು ದಾಟಿದ ಮನುಷ್ಯ. ಹಣೆ ತುಂಬ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ, ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ನಾನು ಮಾಡಿದ ಮೊದಲ ಪತ್ರಿಕೆ ನೋಡಿ, "ಚೆನ್ನಾಗದೆ ಕಣವ್ವ. ಇಷ್ಟು ಜಾಗ ಯಾಕೆ ಬಿಟ್ಟಿದೀಯ, ಯಾರಾದ್ರೂ ಬರೋರವ್ರಾ?" ಅಂದರು.

ಅವರ ಒಂದು ಅಭ್ಯಾಸ ನನಗೆ ಮೈ ಪರಚಿಕೊಳ್ಳುವ ಹಾಗೆ ಮಾಡುತ್ತಿತ್ತು. ಪ್ರೂಫ್ ತೆಗೆದ ಮೇಲೆ ಅದನ್ನು ಗಿರಾಕಿಯ ಕೈಗೆ ಕೊಟ್ಟು ಸುಮ್ಮನಾಗುತ್ತಿರಲಿಲ್ಲ. ಮನೆಯವರನ್ನೆಲ್ಲ ಸ್ಟೂಲಿನ ಮೇಲೆ ಕೂರಿಸಬೇಕು. ಹೊರಗೆ ಮರದ ನೆರಳಲ್ಲಿ ಹೆಂಗಸರು ನಿಂತಿದ್ದರೆ ಅವರನ್ನೂ ಒಳಗೆ ಕರೆಯಬೇಕು. ಆಮೇಲೆ ಮೇಲಿನ ಗಣಪತಿಯಿಂದ ಹಿಡಿದು ಕೆಳಗಿನ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಬೇಕು. ಒಂದೊಂದು ಹೆಸರಿಗೂ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡುವರು.

"ಶ್ರೀಮತಿ ಪುಟ್ಟತಾಯಮ್ಮ ಮತ್ತು ಶ್ರೀ ಸಣ್ಣೇಗೌಡ. ಇವ್ರು ಯಾರು?"

"ನಮ್ಮಕ್ಕ, ಭಾವ ಕಣ್ರೀ."

"ಸರಿ. ಮುಂದ್ಲೋರು?"

ಹೀಗೆ ಒಂದು ಪತ್ರಿಕೆಗೆ ಅರ್ಧ ಗಂಟೆ. ಕೆಲವೊಮ್ಮೆ ಓದುವಾಗ ಬಾಗಿಲ ಹತ್ತಿರ ನಿಂತ ಅಜ್ಜಿಯೊಬ್ಬರು, "ಅಲ್ಲ, ನನ್ ತಮ್ಮನ ಎಸ್ರೇ ಬರ್ಲಿಲ್ವಲ್ಲ" ಅನ್ನುವರು. ಅಲ್ಲೇ ಒಂದು ಸಣ್ಣ ಜಗಳವಾಗಿ, ಟೀ ಬಂದು, ಹೆಸರು ಸೇರಿ, ನನ್ನ ಅಚ್ಚುಕಟ್ಟಾದ ಸಾಲುಗಳೆಲ್ಲ ಕದಲಿಹೋಗುತ್ತಿದ್ದವು. ಅಲ್ಲಾ ಇವರಿಗೆ ಓದು ಬರುತ್ತೆ, ಮನೆಗೆ ಕೊಟ್ಟು ಕಳಿಸಿದರೆ ಆಗದೇ ಅಂತ ಒಳಗೊಳಗೇ ಕುದಿಯುತ್ತಿದ್ದೆ. ಈಗ ಎಲ್ಲರ ಕೈಯಲ್ಲೂ ವಾಟ್ಸಾಪ್ ಇದೆ, ಫೋಟೊ ಕಳಿಸಿದರೆ ಮುಗಿಯಿತು. ಮಲ್ಲಪ್ಪಣ್ಣನಿಗೆ ಹಾಗೆಂದು ಒಂದು ಸಲ ಹೇಳಿಯೂ ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ತಲೆಯಾಡಿಸಿ ಮುಂದಿನ ಹೆಸರು ಓದಿದರು.

ಯುಗಾದಿ ಹತ್ತಿರ ಬಂದಾಗ ಎಚ್.ಡಿ. ಕೋಟೆಯಲ್ಲಿದ್ದ ಅವರ ಮಗಳಿಗೆ ಹೆರಿಗೆಯಾಯಿತು. ಅಂಗಡಿಯನ್ನು ನನಗೆ ಒಪ್ಪಿಸಿ ವಾರದ ಮಟ್ಟಿಗೆ ಅವರು ಅಲ್ಲಿಗೆ ಹೋದರು. ಆ ವಾರ ನನಗೆ ನಾನೇ ಯಜಮಾನಿ. ಬಿಸಿಲು ಕಾದು, ಮಧ್ಯಾಹ್ನ ಕರೆಂಟು ಹೋಗಿ, ಬೆವರು ಕೀಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿದ್ದರೂ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಆಗಲೇ ಜವರೇಗೌಡರು ಬಂದದ್ದು. ಹತ್ತಿರದ ಕೊಪ್ಪಲಿನ ರೈತರು, ಮಗಳು ರಮ್ಯಳ ಮದುವೆ. ರೆಡಿಮೇಡ್ ಕಾರ್ಡು ಬೇಡ, ನಾನೇ ಹೊಸದಾಗಿ ಮಾಡಿಕೊಡುತ್ತೇನೆ ಅಂದೆ. ಕೆನೆ ಬಣ್ಣದ ಕಾಗದ, ಮೇಲೆ ಸಣ್ಣದೊಂದು ಮಾವಿನೆಲೆಯ ತೋರಣ, ಕೆಳಗೆ ಧಾರಾಳ ಜಾಗ. ಕಂಪ್ಯೂಟರಿನಲ್ಲಿ ತೋರಿಸಿದಾಗ ಗೌಡರು ಬಗ್ಗಿ ನೋಡಿದರು.

"ಏನವ್ವ, ತಳದಲ್ಲೆಲ್ಲ ಖಾಲಿ ಅದೆಯಲ್ಲ. ಎಣ್ಣುಗಂಡಿನ ಫೋಟೊನಾದ್ರೂ ಆಕ್ಬೋದಿತ್ತಲ್ವಾ?"

"ಬೇಡ ಗೌಡ್ರೇ. ಹಿಂಗಿದ್ರೇ ಅಂದ."

"ಆಗ್ಲಿ ಬುಡು. ಓದ್ಕೊಂಡಿರೋಳು, ನಿಂಗೆ ಗೊತ್ತಿರ್ತದೆ."

ಅವರು ಕೊಟ್ಟುಹೋದ ಪಟ್ಟಿ ನೋಟ್‌ಬುಕ್ಕಿನ ಹಾಳೆಯ ಎರಡೂ ಬದಿ ತುಂಬಿತ್ತು. ಹದಿನಾರು ಜೋಡಿ ಗಂಡ ಹೆಂಡತಿ. ಗೌಡರ ಹೆಂಡತಿ ಮಗಳು ಮೂರು ವರ್ಷದವಳಿದ್ದಾಗಲೇ ತೀರಿಕೊಂಡಿದ್ದರು. ಆ ಹೆಸರಿಗೂ 'ದಿವಂಗತ' ಸೇರಿಸಿ ಜೋಡಿಯಾಗಿಯೇ ಬರೆದಿದ್ದರು. ಹಾಳೆಯ ಹಿಂಬದಿಯ ಕೊನೆಯಲ್ಲಿ ಮಾತ್ರ ಒಂದೇ ಒಂದು ಹೆಸರು, ಕೆಂಪಮ್ಮ. ಅದರ ಹಿಂದೆ ಮುಂದೆ ಏನೂ ಇಲ್ಲ.

ಎಡಕ್ಕೆ ಎಂಟು ಜೋಡಿ, ಬಲಕ್ಕೆ ಎಂಟು ಜೋಡಿ ಇಟ್ಟೆ. ತೂಗಿದ ಹಾಗೆ ಕೂತವು. ಉಳಿದದ್ದು ಕೆಂಪಮ್ಮ. ಎಡಕ್ಕೆ ಇಟ್ಟರೆ ಎಡ ಭಾರ, ಬಲಕ್ಕೆ ಇಟ್ಟರೆ ಬಲ ಭಾರ. ಕೆಳಗೆ ನಡುವೆ ಇಟ್ಟರೆ ಎಲ್ಲರನ್ನೂ ಬಿಟ್ಟು ಒಬ್ಬರೇ ನಿಂತ ಹಾಗೆ ಕಾಣುತ್ತಿತ್ತು. ಅರ್ಧ ದಿನ ಅದನ್ನೇ ಅತ್ತಿತ್ತ ಸರಿಸಿದೆ. ಯಾರು ಈ ಕೆಂಪಮ್ಮ ಅಂತ ಗೌಡರಿಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. 'ಹಾಗೂ ಬಂಧುಮಿತ್ರರು' ಅನ್ನುವ ಸಾಲಿನಲ್ಲಿ ಅವರೂ ಬಂದರಲ್ಲ ಅಂದುಕೊಂಡು ಆ ಹೆಸರನ್ನು ಅಳಿಸಿದೆ. ಪತ್ರಿಕೆ ತಟ್ಟನೆ ಚಂದವಾಯಿತು. ವಾಟ್ಸಾಪಿನಲ್ಲಿ ಗೌಡರಿಗೆ ಕಳಿಸಿ, ನೋಡಿ ಹೇಳಿ ಅಂತ ಬರೆದೆ. ಹೊಲದಿಂದಲೇ ಧ್ವನಿ ಸಂದೇಶ ಬಂತು: "ಸೂಪರ್ರಾಗದೆ ಕಣವ್ವ, ಹೊಡ್ದಾಕು." ಹೊಡೆದು ಹಾಕಿದೆ. ಅವರು ನೋಡಿದ್ದು ತೋರಣವನ್ನು ಅಂತ ಆಗ ನನಗೆ ಹೊಳೆಯಲಿಲ್ಲ.

ಯುಗಾದಿ ಕಳೆದು ಕೆಲವು ದಿನಕ್ಕೆ ಒಬ್ಬಳು ಹುಡುಗಿ ಪ್ರೆಸ್ಸಿಗೆ ಬಂದಳು. ಮಲ್ಲಪ್ಪಣ್ಣ ಅಷ್ಟರಲ್ಲಿ ವಾಪಸಾಗಿದ್ದರು. ಅವಳು ಮೂಲೆಗೆ ಅರಿಶಿನ ಹಚ್ಚಿದ ಪತ್ರಿಕೆಯೊಂದನ್ನು ನನ್ನ ಟೇಬಲಿನ ಮೇಲಿಟ್ಟು, "ನೀವೇನಾ ಇದ ಮಾಡಿದ್ದು?" ಅಂದಳು. ನನಗೆ ಎಂಥಾ ಖುಷಿ ಅಂತೀರಿ. ಯಾರೋ ಮೆಚ್ಚಿಕೊಂಡು ಹುಡುಕಿಕೊಂಡು ಬಂದಿದ್ದಾರೆ ಅಂದುಕೊಂಡೆ.

"ನಾನು ರಮ್ಯ. ಇದು ನನ್ ಮದ್ವೆ ಪತ್ರಿಕೆ" ಅಂದಳು. "ನಮ್ಮ ದೊಡ್ಡವ್ವನ ಹೆಸ್ರು ಯಾಕ್ರೀ ತೆಗ್ದ್ರಿ?"

ಕೆಂಪಮ್ಮ ಅವಳ ದೊಡ್ಡಪ್ಪನ ಹೆಂಡತಿ. ದೊಡ್ಡಪ್ಪ ಸತ್ತು ಇಪ್ಪತ್ತು ವರ್ಷದ ಮೇಲಾಯಿತು. ಮಕ್ಕಳಿಲ್ಲ. ತಾಯಿ ಹೋದ ಮೇಲೆ ರಮ್ಯಳನ್ನು ಎತ್ತಿ ಸಾಕಿದವರು ಅವರೇ. ಪತ್ರಿಕೆ ಮನೆಗೆ ಬಂದ ದಿನ ದೇವರ ಮುಂದಿಟ್ಟು ಪೂಜೆ ಮಾಡಿ, ಮದುವಣಗಿತ್ತಿಯ ಕೈಯಲ್ಲೇ ಓದಿಸಿದರಂತೆ.

"ನಾನೇ ಓದ್ದೆ ಕಣ್ರೀ. ಎಲ್ಲಾರ ಹೆಸ್ರೂ ಬಂತು. ನನ್ ಬುದ್ಧಿಗೆ ಏನಾಗಿತ್ತೋ, ನಂಗೂ ಗೊತ್ತಾಗ್ಲಿಲ್ಲ. ದೊಡ್ಡವ್ವ ಕಂಬಕ್ಕೆ ಒರಗ್ಕೊಂಡು ನಿಂತಿದ್ಲು. ಓದಿ ಮುಗಿಸ್ದ ಮೇಲೆ 'ಮುಗೀತಾ?' ಅಂದ್ಲು. 'ಮುಗೀತು' ಅಂದೆ. ಒಳಗೋಗಿ ಹಿಟ್ಟು ತಿರುವಕ್ಕೆ ಕೂತ್ಲು. ಮಾರನೇ ದಿನ ತನ್ನಣ್ಣನ ಮನೇಲಿ ಸಸಿ ಕೆಲ್ಸ ಅದೆ ಅಂತ ವೀರನಹೊಸಹಳ್ಳಿಗೆ ಹೋದೋಳು ಬರ್ಲೇ ಇಲ್ಲ."

ಅವಳು ಪತ್ರಿಕೆಯನ್ನು ನನ್ನ ಕಡೆಗೆ ತಳ್ಳಿದಳು. "ಗಂಡ ಇಲ್ದೋಳು ಅಂತ ಅಪ್ಪನೇ ತೆಗ್ಸವ್ನೆ ಅನ್ಕೊಂಡವಳೆ. ಅಪ್ಪ ಎಷ್ಟು ಹೇಳುದ್ರೂ ನಂಬಲ್ಲ. ತೆಗ್ದೋರು ನೀವು. ನೀವೇ ಬಂದು ಹೇಳಿ. ದೊಡ್ಡವ್ವ ಬರ್ದೆ ನಾನು ಅರಿಶಿಣಕ್ಕೆ ಕೂರಲ್ಲ."

ಮದುವೆಗೆ ಹತ್ತು ದಿನವೂ ಇರಲಿಲ್ಲ. ಮಲ್ಲಪ್ಪಣ್ಣ ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಹಳೆಯ ಪಟ್ಟಿಗಳನ್ನೆಲ್ಲ ಚುಚ್ಚಿಡುತ್ತಿದ್ದ ಕಂಬಿಯಿಂದ ಗೌಡರ ಹಾಳೆಯನ್ನು ಹುಡುಕಿ ತೆಗೆದು, ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕೈಗೆ ಕೊಟ್ಟರು.

"ಓದಿ ಹೇಳಿದ್ಯಾ ಇದ?"

"ಇಲ್ಲ. ವಾಟ್ಸಾಪಲ್ಲಿ ಕಳಿಸ್ದೆ."

"ನಾನು ಓದೋದು ಅಕ್ಷರ ನೋಡಕ್ಕಲ್ಲ ಕಣವ್ವ. ಇರೋರು ಹೆಂಗಿದ್ರೂ ಕಾಣ್ತಾರೆ. ಬಿಟ್ಟೋಗಿರೋರು ಓದಿದಾಗ್ಲೇ ಸಿಕ್ಕೋದು" ಅಂದರು. ಆಮೇಲೆ, "ಹೋಗ್ಬಾ. ಅಂಗಡಿ ನಾನು ನೋಡ್ಕೋತೀನಿ" ಅಂದರು.

ರಮ್ಯ ಮತ್ತು ನಾನು ಹುಣಸೂರಿಗೆ ಹೋಗಿ ಅಲ್ಲಿಂದ ವೀರನಹೊಸಹಳ್ಳಿಯ ಬಸ್ಸು ಹಿಡಿದೆವು. ಹಿಂದಿನ ಸಂಜೆ ಮಳೆ ಬಿದ್ದು ರಸ್ತೆಯ ಬದಿಯ ಹೊಲಗಳೆಲ್ಲ ಕೆಂಪಗೆ ಹದವಾಗಿದ್ದವು. ಅವಳಿಗೆ ನನ್ನ ಮೇಲೆ ಸಿಟ್ಟು, ಜೊತೆಗೆ ತನ್ನ ಮೇಲೂ. ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಟೈಪ್ ಮಾಡುವಾಗ ಕೈತಪ್ಪಿ ಹೋಯಿತು ಅಂತ ಹೇಳಿದರೆ ಮುಗಿಯುತ್ತದೆ, ಮಿಷನ್ನಿನ ಮೇಲೆ ಹಾಕಿದರೆ ಯಾರಿಗೂ ನೋವಿಲ್ಲ ಅಂತ ಹುಣಸೂರು ದಾಟುವ ಹೊತ್ತಿಗೆ ತೀರ್ಮಾನ ಮಾಡಿದ್ದೆ.

ಕೆಂಪಮ್ಮ ಅಣ್ಣನ ಹಿತ್ತಲಿನಲ್ಲಿ ನೆರಳಿನ ಬಲೆಯ ಕೆಳಗೆ ಕೂತಿದ್ದರು. ಮುಂದೆ ಹೊಗೆಸೊಪ್ಪಿನ ಸಸಿಯ ಮಡಿ, ಪಕ್ಕದಲ್ಲಿ ಗುಳಿಗುಳಿಯಾಗಿದ್ದ ಕಪ್ಪು ಪ್ಲಾಸ್ಟಿಕ್ ಟ್ರೇಗಳು. ಮಡಿಯಿಂದ ಒಂದೊಂದೇ ಎಳೆ ಸಸಿಯನ್ನು ಕಿತ್ತು ಗುಳಿಗೊಂದರಂತೆ ಊರುತ್ತಿದ್ದರು. ಸಣ್ಣ ಮೈಕಟ್ಟು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬರಿಗೈ ತುಂಬ ಮಣ್ಣು. ರಮ್ಯಳನ್ನು ಕಂಡು ಮುಖ ಅರಳಿತು, ಮರುಗಳಿಗೆ ಅದನ್ನು ಗಂಟಿಕ್ಕಿಕೊಂಡರು.

"ಯಾರವ್ವ ಈ ಮಗ?"

"ಪತ್ರಿಕೆ ಮಾಡಿದೋರು ದೊಡ್ಡವ್ವ."

"ಓ. ಕುತ್ಕೊ. ಸುಮ್ನೆ ಕುತ್ಕಬೇಡ, ಆ ಟ್ರೇ ಎಳ್ಕೊಂಡು ಸಸಿ ಊರು."

ಕೂತು ಊರತೊಡಗಿದೆ. ಅವರು ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಜೋಡಿಸಿಕೊಂಡು ಬಂದಿದ್ದ ಸುಳ್ಳು ಬಾಯಿಗೆ ಬರಲಿಲ್ಲ.

"ಅಮ್ಮ, ಗೌಡ್ರು ನಿಮ್ಮ ಹೆಸ್ರು ಬರೆದೇ ಕೊಟ್ಟಿದ್ರು. ತೆಗ್ದದ್ದು ನಾನು" ಅಂದು ಹಾಳೆಯನ್ನು ಚಾಚಿದೆ. ರಮ್ಯ ಅದರ ಹಿಂಬದಿ ತಿರುಗಿಸಿ ಬೆರಳಿಟ್ಟು ತೋರಿಸಿದಳು.

"ಜವರನ ಕೈಬರವಾ ಇದು?"

"ಹೂಂ ದೊಡ್ಡವ್ವ. ಕೆಂಪಮ್ಮ ಅಂತ ಬರ್ದವ್ನೆ."

ಅವರು ಬಹಳ ಹೊತ್ತು ಆ ಹಾಳೆಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಮತ್ಯಾಕವ್ವ ತೆಗ್ದೆ?"

"ಮಿಕ್ಕಿದ್ದೆಲ್ಲ ಜೋಡಿ ಹೆಸ್ರು. ನಿಮ್ಮದು ಒಂದೇ ಒಂಟಿ. ಎಲ್ಲಿಟ್ರೂ ಸಾಲು ಸರಿ ಕಾಣ್ತಿರಲಿಲ್ಲ."

"ಅಂದಕ್ಕಾ?"

"ಹೂಂ. ಅಂದಕ್ಕೆ."

ಅಷ್ಟು ನಾಚಿಕೆ ನನಗೆ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಕೆಂಪಮ್ಮ ದನಿಯೇರಿಸಲಿಲ್ಲ. ಒಂದು ಸಸಿ ಎತ್ತಿ ಬೇರಿನ ಮಣ್ಣು ಕೊಡವಿದರು.

"ನಮ್ಮೆಜಮಾನ್ರು ತೀರ್ಕೊಂಡ್ಮೇಲೆ ಇಷ್ಟು ವರ್ಸದ ಬೇಸಾಯ ಒಬ್ಳೇ ಮಾಡಿವ್ನಿ ಕಣವ್ವ. ನನ್ ವಲದ ಸಾಲು ಎಲ್ಲಾದ್ರೂ ಸೊಟ್ಟ ಅದ್ಯಾ ಅಂತ ನಮ್ಮೂರಲ್ಲಿ ಕೇಳ್ಕೊಂಡು ಬಾ ಓಗು."

"ತಪ್ಪಾಯ್ತಮ್ಮ."

"ಜವರ ಫೋನಲ್ಲಿ ಏನಂದ ಗೊತ್ತಾ? 'ಅಯ್ಯೋ ಅತ್ಗೆ, ಎಸ್ರು ಇದ್ರೇನು ಬುಟ್ರೇನು, ನಿಂಗೇನು ಓದಕ್ಕೆ ಬತ್ತದಾ' ಅಂದ. ಓದಕ್ಕೆ ಬರಕ್ಕಿಲ್ಲ, ದಿಟ. ಕೇಳಕ್ಕೆ ಬತ್ತದೆ."

ಹೊಸದಾಗಿ ಹೆಸರು ಹಾಕಿಕೊಡುತ್ತೇನೆ ಅಂದೆ. ನೆಂಟರಿಷ್ಟರ ಊರುಗಳಿಗೆ ಪತ್ರಿಕೆ ಹೋಗಿಯಾಗಿತ್ತು, ಅದಕ್ಕೆ ನಾನೇನೂ ಮಾಡುವ ಹಾಗಿರಲಿಲ್ಲ. ಆದರೆ ಸ್ವಂತ ಊರಿನವರಿಗೆ ಕೊಡುವುದು ಕೊನೆಯಲ್ಲಿ. ಆ ಕಟ್ಟು ಇನ್ನೂ ಗೌಡರ ಮನೆಯಲ್ಲೇ ಇತ್ತು.

"ಆಕ್ಬುಟ್ರೆ ಆಯ್ತಾ? ಎಲ್ಲಾರು ಈಸ್ಕೊಂಡು ಗೂಡಲ್ಲಿ ಮಡಗ್ತಾರೆ. ಓದೋರ್ಯಾರು?"

"ನಾನು ಓದ್ತೀನಿ" ಅಂದೆ. ಯೋಚನೆ ಮಾಡಿ ಹೇಳಿದ ಮಾತಲ್ಲ.

"ಒಂದೊಂದು ಮನೆ ಬಾಗ್ಲಲ್ಲೂ ನಿಂತ್ಕೊಂಡು ಓದೀಯಾ?"

"ಓದ್ತೀನಿ."

ಕೆಂಪಮ್ಮ ಕೈಯ ಮಣ್ಣು ಉಜ್ಜಿಕೊಂಡರು. "ಅಂಗಾರೆ ಬತ್ತೀನಿ. ಮದ್ವೆಗೆ ಅಂತ ತಿಳ್ಕಬೇಡಿ. ಈ ಮಗ ಎಂಗೆ ಓದ್ತದೆ ಅಂತ ಕೇಳಕ್ಕೆ."

ಮಾರನೆಯ ದಿನ ಉಳಿದ ಪತ್ರಿಕೆಗಳ ಕಟ್ಟನ್ನು ತರಿಸಿಕೊಂಡು ಸ್ಕ್ರೀನ್ ಪ್ರಿಂಟಿಂಗಿನ ಚೌಕಟ್ಟು ಹೂಡಿದೆವು. ಕೆಳಗೆ ನಾನು ಅಂದಕ್ಕೆಂದು ಬಿಟ್ಟಿದ್ದ ಜಾಗವಿತ್ತಲ್ಲ, ಅಲ್ಲಿ ಒಂದು ಸಾಲು ಕುಂಕುಮದ ಬಣ್ಣದಲ್ಲಿ. 'ಸಾಕಿ ಸಲಹಿದ ದೊಡ್ಡವ್ವ ಕೆಂಪಮ್ಮ' ಅಂತ. ಮಾತು ರಮ್ಯಳದೇ. ಪಶ್ಚಾತ್ತಾಪದಲ್ಲಿ ನಾನು ಅಕ್ಷರವನ್ನು ಇಷ್ಟು ದಪ್ಪ ಮಾಡಿದ್ದೆ. ಮಲ್ಲಪ್ಪಣ್ಣ ನೋಡಿ, "ಮಿಕ್ಕೋರಷ್ಟೇ ಇಡವ್ವ. ದೊಡ್ಡದು ಮಾಡಿದ್ರೆ ಆಮೇಲೆ ಹದಿನಾರು ಜೋಡೀನೂ ಊಟ ಬಿಟ್ಟು ಎದ್ದೋಗ್ತಾರೆ" ಅಂದರು. ಚಿಕ್ಕದು ಮಾಡಿದೆ. ಒಂದೊಂದೇ ಪತ್ರಿಕೆಯನ್ನು ಚೌಕಟ್ಟಿನ ಕೆಳಗಿಟ್ಟು ಇಂಕು ಎಳೆದು ಒಣಹಾಕುವಷ್ಟರಲ್ಲಿ ಸಂಜೆಯಾಯಿತು. ನಾನು ಮಾಡಿದ ಚಂದದ ಸಮತೋಲನ ಪೂರ್ತಿ ಕೆಟ್ಟಿತ್ತು. ನೋಡಿ ನನಗೆ ಸಮಾಧಾನವಾಯಿತು.

ಈಗ ಮೈಸೂರಿನಲ್ಲಿ ಒಬ್ಬಳೇ ಕೆಲಸ ಮಾಡುತ್ತೇನೆ. ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರಿದ್ದರೆ ಯಾರಿವರು ಅಂತ ಕೇಳುತ್ತೇನೆ. ಪ್ರೂಫನ್ನು ಗಿರಾಕಿಯ ಎದುರು ಕೂತು ಗಟ್ಟಿಯಾಗಿ ಓದುತ್ತೇನೆ, ಅವರು ದೂರದಲ್ಲಿದ್ದರೆ ಫೋನಿನಲ್ಲಿ. ಕೆಲವರು ನಗುತ್ತಾರೆ, ದೊಡ್ಡ ಕಂಪನಿಯವರೊಬ್ಬರು ನಡುವೆಯೇ ಫೋನ್ ಇಟ್ಟುಬಿಟ್ಟರು. ಒಂದು ಸಾಲು ಸೊಟ್ಟಗೆ ಕಂಡರೆ ನನ್ನ ಕಣ್ಣಿಗೆ ಇವತ್ತಿಗೂ ಚುಚ್ಚುತ್ತದೆ, ಅದೇನೂ ಹೋಗಿಲ್ಲ. ಆದರೆ ಸರಿಮಾಡಬೇಕಾದದ್ದು ನನ್ನ ಅಳತೆಯನ್ನು, ಅಲ್ಲಿರುವ ಹೆಸರನ್ನಲ್ಲ ಅಂತ ಕೈ ಕಲಿತಿದೆ.

ಆ ಬೇಸಿಗೆಗೆ ಮರಳಿದರೆ, ಪತ್ರಿಕೆ ಹಂಚಿದ ಬೆಳಿಗ್ಗೆ ಏಳಕ್ಕೆಲ್ಲ ಕೊಪ್ಪಲಿಗೆ ಹೋದೆ. ಕೆಂಪಮ್ಮ ಮೊದಲ ಬಸ್ಸಿಗೇ ಬಂದಿಳಿದರು. ಜವರೇಗೌಡರು ಬಾಗಿಲಲ್ಲೇ ನಿಂತಿದ್ದರು. "ಬಾ ಅತ್ಗೆ. ನಾನು ಸರಿಯಾಗಿ ನೋಡ್ಬೇಕಿತ್ತು" ಅಂದರು. ಕೆಂಪಮ್ಮ ಜಗುಲಿಯ ಮೇಲಿದ್ದ ಪತ್ರಿಕೆಯ ಕಟ್ಟನ್ನು ಎತ್ತಿಕೊಂಡು ಹೊರಟೇಬಿಟ್ಟರು. ಹಿಂದೆ ಕುಂಕುಮದ ಬಟ್ಟಲು ಹಿಡಿದ ರಮ್ಯ, ಅವಳ ಹಿಂದೆ ನಾನು. ಗಂಡ ಸತ್ತವರು ಮದುವೆಯ ಪತ್ರಿಕೆ ಹಂಚುವುದು ಆ ಊರಿನ ರೂಢಿಯಲ್ಲ. ಮೊದಲ ಎರಡು ಮನೆಯಲ್ಲಿ ಹೆಂಗಸರು ಮುಖ ಮುಖ ನೋಡಿಕೊಂಡರು. ಕೆಂಪಮ್ಮ ಕಾಣದವರ ಹಾಗೆ ನನ್ನ ಕೈಗೆ ಒಂದು ಪತ್ರಿಕೆ ಕೊಟ್ಟು, "ಓದವ್ವ" ಅನ್ನುತ್ತಿದ್ದರು.

ಓದಿದೆ. ಗಣಪತಿಯಿಂದ ಶುರುಮಾಡಿ, ಮನೆದೇವರು, ಮುಹೂರ್ತ, ಹದಿನಾರು ಜೋಡಿ, ಒಂದನ್ನೂ ಬಿಡದೆ. ಬೇಗ ಬೇಗ ಓದಿದರೆ "ನಿಧಾನ" ಅನ್ನುವರು. ಕೊನೆಯ ಸಾಲಿಗೆ ಬಂದಾಗ ಅವರು ಬೇರೆಲ್ಲೋ, ಮನೆಯ ಸೂರನ್ನೋ ಕೊಟ್ಟಿಗೆಯ ಹಸುವನ್ನೋ ನೋಡುತ್ತ ನಿಲ್ಲುತ್ತಿದ್ದರು. ಓದಿ ಮುಗಿಸಿದರೆ, "ಇವ್ರಿಗೆ ಸರ್ಯಾಗಿ ಕೇಳುಸ್ನಿಲ್ಲ, ತಳದ್ದ ಇನ್ನೊಂದು ಕಿತ ಓದು" ಅನ್ನುವರು. ಆ ಮನೆಯವರ ಕಿವಿಗಳು ಚೆನ್ನಾಗಿಯೇ ಇದ್ದವು. ನಾಲ್ಕನೆಯ ಮನೆಯ ಹೊತ್ತಿಗೆ ರಮ್ಯ ನಗು ತಡೆಯಲಾರದೆ ನನ್ನ ಬೆನ್ನ ಹಿಂದೆ ಮುಖ ಮುಚ್ಚಿಕೊಂಡಳು. ನಮ್ಮಿಬ್ಬರ ನಡುವಿನ ಸಿಟ್ಟು ಅಲ್ಲಿಗೆ ಹೋಯಿತು.

ಬೀದಿಯ ನಡುವಿನ ಮನೆಯ ಜಯಮ್ಮ ಅನ್ನುವವರು ಪತ್ರಿಕೆ ಈಸಿಕೊಂಡು, "ಏನ್ ಕೆಂಪಕ್ಕ, ಚಪ್ಪರದ ದಿನ ಇದ್ದೀಯೋ, ತಿರ್ಗಾ ತೌರಿಗೆ ಓಯ್ತಿಯೋ?" ಅಂತ ನೇರವಾಗಿ ಕೇಳಿಬಿಟ್ಟರು. ಊರಿಗೆಲ್ಲ ಗೊತ್ತಾಗಿತ್ತು ಅಂತ ಕಾಣುತ್ತದೆ. ರಮ್ಯಳ ಕೈಯಲ್ಲಿದ್ದ ಬಟ್ಟಲು ಹಾಗೇ ನಿಂತಿತು.

"ಮಗಳ ಮದ್ವೆ ಮಡಿಕ್ಕಂಡು ಯಾವ ತೌರಿಗೋಗ್ಲಿ ಜಯಿ?" ಅಂದರು ಕೆಂಪಮ್ಮ. "ಅಕ್ಕಿ ಹಸನಾಗಿಲ್ಲ, ಚಪ್ಪರಕ್ಕೆ ಸೊಪ್ಪು ತರ್ಸಿಲ್ಲ. ಈ ಗಂಡಸ್ರ ನಂಬ್ಕೊಂಡ್ರೆ ಆಯ್ತದಾ?"

ರಮ್ಯ ಅಲ್ಲೇ ನಿಂತು ಅತ್ತಳು. ನನಗೂ ಅಳು ಬಂತು, ತಡೆಯಲಿಲ್ಲ. ಕೆಂಪಮ್ಮ ಇಬ್ಬರನ್ನೂ ಒಂದು ಸಲ ನೋಡಿ, "ಬಿಸ್ಲೇರ್ತದೆ, ನಡೀರಿ" ಅಂದರು.

ಬೀದಿಯ ಕೊನೆಯ ಮನೆಗೆ ಬಂದಾಗ ಬಾಗಿಲಿಗೆ ಬೀಗ ಹಾಕಿತ್ತು. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಇಂಥ ಕಡೆ ಪತ್ರಿಕೆಯನ್ನು ಚಿಲಕಕ್ಕೆ ಸಿಕ್ಕಿಸಿ ಬರುತ್ತಾರೆ. ರಮ್ಯ ಹೊಸ್ತಿಲಿಗೆ ಕುಂಕುಮ ಇಟ್ಟಳು. ನಾನು ಪತ್ರಿಕೆಯನ್ನು ಮಡಿಸಿ ಚಿಲಕದ ಕಡೆಗೆ ಕೈ ಚಾಚಿದೆ. ಓದಿ ಓದಿ ನನ್ನ ಗಂಟಲು ಒಣಗಿಹೋಗಿತ್ತು.

"ಓದ್ನಿಲ್ವಲ್ಲ?" ಅಂದರು ಕೆಂಪಮ್ಮ.

"ಮನೇಲಿ ಯಾರೂ ಇಲ್ವಲ್ಲಮ್ಮ."

ಅವರು ಜಗುಲಿಯ ಮೇಲೆ ಕೂತು, ಸೆರಗಿನಲ್ಲಿ ಕತ್ತಿನ ಬೆವರು ಒರೆಸಿಕೊಂಡರು.

"ನಾನಿಲ್ವೇ? ಓದು."

ಬೀಗ ಹಾಕಿದ ಬಾಗಿಲಿನ ಮುಂದೆ ನಿಂತು, ಪತ್ರಿಕೆ ಬಿಡಿಸಿ, ಗಣಪತಿಯಿಂದ ಶುರುಮಾಡಿದೆ.